ಪಕ್ಕದ ಸೀಟಿನ ಬ್ರೇಕ್

ಡ್ರೈವಿಂಗ್ ಶಾಲೆಯ ಮುಂದಿನ ಕೋಣೆ
ಭಾನುವಾರ, ಮಾರ್ಚ್ ೯

ನನ್ನ ಇವಳೇ,

ಮಂಡಿನೋವು ಹೇಗಿದೆ? ತಮ್ಮನ ಮನೆಯ ಮೆಟ್ಟಿಲು ಜಾಸ್ತಿ ಹತ್ತಿ ಇಳಿಯಬೇಡ. ಕೋಪ ಇಳಿಯಿತೇ ಎಂದು ಕೇಳುವುದಿಲ್ಲ. ಅದು ಇಳಿಯುವ ಹೊತ್ತಿಗೇ ಇಳಿಯುವುದು ಎಂದು ಇಷ್ಟು ವರ್ಷದಲ್ಲಿ ಕಲಿತಿದ್ದೇನೆ. ಇಲ್ಲಿ ಅಪ್ಪ ಮಗಳು ಅಡುಗೆ ಮಾಡಿಕೊಂಡು ತಿನ್ನುತ್ತಿದ್ದೇವೆ. ಉಪ್ಪನ್ನು ಮಾತ್ರ ಒಂದು ದಿನ ಇಬ್ಬರೂ ಹಾಕುತ್ತೇವೆ, ಇನ್ನೊಂದು ದಿನ ಇಬ್ಬರೂ ಮರೆಯುತ್ತೇವೆ.

ಕಾರನ್ನು ಅಡ್ಡಡ್ಡ ಜಾರಿಸುವ ಆ ಡ್ರಿಫ್ಟಿಂಗ್ ಹುಚ್ಚನ್ನು ಮಗಳು ಬಿಡುವವರೆಗೆ ಮನೆಗೆ ಕಾಲಿಡುವುದಿಲ್ಲ ಎಂದು ಹೇಳಿ ಹೋದೆಯಲ್ಲ, ಬಿಡಿಸಿಯೇ ತೀರುತ್ತೇನೆಂದು ಮೊನ್ನೆ ಅವಳ ಜೊತೆ ಹೊರಟೆ. ಮುಚ್ಚಿದ ಗೋದಾಮೊಂದರ ಅಂಗಳ, ನೀರು ಹಾಯಿಸಿದ ಸಿಮೆಂಟ್ ನೆಲ, ನಡುವೆ ಒಂದು ಹಳೇ ಟೈರು. ಕಾರು ನಮ್ಮ ಶಾಲೆಯದೇ, ಇಂಜಿನ್ನಿನ ಬಲವೆಲ್ಲ ಹಿಂದಿನ ಚಕ್ರಕ್ಕೆ ಹೋಗುವ ಆ ಮುದಿ ಕಾರು. ಹೆಲ್ಮೆಟ್ ಹಾಕಿಕೊಂಡು ಎಂದಿನಂತೆ ಮೇಷ್ಟ್ರ ಸೀಟಿನಲ್ಲಿ ಕೂತೆ. ಅವಳು ಟೈರಿನ ಸುತ್ತ ತಿರುಗಿಸಿ, ಕ್ಲಚ್ ಒತ್ತಿ, ಕೈಬ್ರೇಕ್ ಎಳೆದಳು. ಕಾರಿನ ಹಿಂಭಾಗ ಜಾರಿತು. ಅಷ್ಟೇ, ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಕಲಿಯುವವರನ್ನು ಕಾಪಾಡಲೆಂದು ನನ್ನ ಕಡೆ ಇನ್ನೊಂದು ಬ್ರೇಕ್ ಇದೆಯಲ್ಲ, ಅದನ್ನು ತುಳಿದೇಬಿಟ್ಟೆ. ಕಾರು ಬುಗುರಿಯಾಯಿತು. ನಿಂತಾಗ ನಾವು ಬಂದ ದಾರಿಯನ್ನೇ ನೋಡುತ್ತಿದ್ದೆವು.

ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವಳೇ ಇಳಿದು ಬಂದು ನನ್ನ ಕಡೆಯ ಬಾಗಿಲು ತೆಗೆದಳು. "ಅಪ್ಪಾ, ಜಾರ್ಸಿದ್ದು ನಾನು, ಬುಗುರಿ ಮಾಡಿದ್ದು ನೀನು. ಆ ಕಡೆ ಬಾ, ನೀನೇ ಓಡ್ಸು" ಅಂದಳು. ತಾನು ಮೇಷ್ಟ್ರ ಸೀಟಿನಲ್ಲಿ, ಎರಡೂ ಕಾಲನ್ನು ಬ್ರೇಕಿನಿಂದ ದೂರ ಎಳೆದುಕೊಂಡು ಕೂತಳು. ಹಿಂಭಾಗ ಯಾವ ಕಡೆ ಜಾರುತ್ತದೋ ಆ ಕಡೆಗೇ ಸ್ಟೇರಿಂಗ್ ತಿರುಗಿಸಬೇಕಂತೆ. ಆಕ್ಸಿಲರೇಟರ್ ಪೂರ್ತಿ ಬಿಡಬಾರದು, ಪೂರ್ತಿ ಒತ್ತಲೂ ಬಾರದು. ಕಣ್ಣು ಬಾನೆಟ್ಟಿನ ಮೇಲಲ್ಲ, ಹೋಗಬೇಕಾದ ಕಡೆ ಇರಬೇಕು. ಜಾರಿದರೆ ಗಾಬರಿಯಲ್ಲಿ ಬ್ರೇಕ್ ತುಳಿಯಬೇಡಿ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಊರಿಗೆಲ್ಲ ಹೇಳಿದವನು ನಾನು. ನಿಜವಾಗಿ ಜಾರಿ ನೋಡಿದ್ದು ಮೊನ್ನೆಯೇ! ಮತ್ತೆ ಮತ್ತೆ ಬುಗುರಿಯಾದೆ. ಕೊನೆಗೊಮ್ಮೆ ಕಾರು ಅಡ್ಡ ತಿರುಗಿಕೊಂಡೇ ಟೈರಿನ ಸುತ್ತ ಅರ್ಧ ಸುತ್ತು ಬಂತು, ನಾನು ಹೇಳಿದ ಹಾಗೆ. ಅವಳ ಕಾಲು ಅಷ್ಟು ಹೊತ್ತೂ ಅಲುಗಲಿಲ್ಲ ಕಣೇ. ಬಿಡಿಸಲು ಹೋದವನು ಕಲಿತು ಬಂದೆ. ಅವಳದು ಹುಡುಗಾಟವಲ್ಲ, ನನಗಿಂತ ಒಳ್ಳೇ ಮೇಷ್ಟ್ರು ಅವಳು. ನನಗೆ ಹೆಮ್ಮೆಯಾಗಿದೆ.

ಮಾತ್ರೆ ಮರೆಯಬೇಡ. ತಮ್ಮನಿಗೂ ಅವನ ಹೆಂಡತಿಗೂ ಕೇಳಿದೆನೆಂದು ಹೇಳು.

ಇಂತಿ, ಬೈದರೂ ನಿನ್ನವನೇ ಆದ
ಗೇರ್ ಮೇಷ್ಟ್ರು

ಮರೆತಿದ್ದೆ: ಮುಂದಿನ ಭಾನುವಾರ ಅವಳ ಮೊದಲ ಸ್ಪರ್ಧೆ. ಮರೆತಿದ್ದೆ ಎಂದದ್ದು ಸುಳ್ಳು, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. "ಅಮ್ಮ ಒಂದ್ಸಲ ಬಂದು ನೋಡ್ಲಿ. ನೋಡಿದ್ಮೇಲೂ ಬೇಡ ಅಂದ್ರೆ ಅವತ್ತೇ ಬಿಟ್ಬಿಡ್ತೀನಿ" ಅಂದಿದ್ದಾಳೆ. ಅವಳು ಮಾತಿಗೆ ತಪ್ಪುವವಳಲ್ಲ, ನನಗೆ ಭಯವಿರುವುದು ಅದಕ್ಕೇ. ಶನಿವಾರ ಸಂಜೆ ನಿನ್ನನ್ನು ಕರೆದುಕೊಂಡು ಬರಲು ಅವಳೇ ಬರುತ್ತಾಳೆ. ಹಾರ್ನ್ ಕೇಳಿದರೆ ತಮ್ಮನನ್ನು ಕಳಿಸಬೇಡ, ನೀನೇ ಹೋಗಿ ಗೇಟು ತೆಗೆ.