ನಲವತ್ತೆರಡನೇ ನಳಿಕೆಯ ರಕ್ತ ಯಾರದು?

ಹೃದಯ ಸಂಶೋಧನಾ ಪ್ರಯೋಗಾಲಯದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಅಗರದ ಶಾಲೆಯಲ್ಲಿ ನೀವು ನಡೆಸಿದ ಶಿಬಿರದಲ್ಲಿ ಎಲ್ಲರಿಗಿಂತ ಕೊನೆಗೆ ಬಂದು ತೋಳು ಚಾಚಿದ ಮನುಷ್ಯನ ಹೃದಯ ಸೋತಿದೆ. ಇದು ನನಗೆ ಗೊತ್ತು. ನಾನು ಎರಡು ಪತ್ರ ಬರೆದಿರುವುದರಿಂದ ನಿಮಗೂ ಗೊತ್ತು. ಆ ಮನುಷ್ಯ ಮಾತ್ರ, ನಿಮ್ಮ ಸೀಲು ಬಿದ್ದ ‘ಸಾಮಾನ್ಯ’ ಎಂಬ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಿಕೊಂಡು, ನುಂಗುತ್ತಿದ್ದ ಮಾತ್ರೆಗಳನ್ನು ನಿಲ್ಲಿಸಿ, ಇದೇ ಇಪ್ಪತ್ತೆರಡನೇ ತಾರೀಖು ಹನೂರಿನ ನಾಟಕದಲ್ಲಿ ಐದಾರು ಗಂಟೆ ಕಾಲುಹಾರ್ಮೋನಿಯಂ ತುಳಿಯಲು ಹೊರಟಿದ್ದಾರೆ. ನನಗೆ ಭಯವಾಗಿದೆ, ಮಾನ್ಯರೇ. ಮೂವತ್ತೊಂದು ವರ್ಷ ರಂಗದ ಮೇಲೆ ಗದೆ ಎತ್ತಿ, ಭಯವೆಂಬುದು ಯಾವ ದಿಕ್ಕಿನಲ್ಲಿದೆ ತೋರಿಸಿರೆಂದು ಗರ್ಜಿಸಿದ ಬಾಯಿ ಇದು. ಆ ದಿಕ್ಕು ಈಗ ನನಗೆ ಗೊತ್ತಾಗಿದೆ. ಅದು ನಿಮ್ಮ ಕಚೇರಿ ಇರುವ ದಿಕ್ಕು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೊಟ್ಟೆಗೆ ಎರಡು ಎಕರೆ ಗದ್ದೆ, ಮಿಕ್ಕಿದ್ದೆಲ್ಲ ಪೌರಾಣಿಕ ನಾಟಕ. ರಾಜಪಾರ್ಟು ನನ್ನದು. ಮೈಕು ಕೆಟ್ಟರೂ ಮಾಂಬಳ್ಳಿಯವರೆಗೆ ಕೇಳುವ ಕಂಠ ಎಂದು ಜನ ಹೇಳುತ್ತಾರೆ, ಅರ್ಧ ಹೊಗಳಿಕೆ, ಅರ್ಧ ದೂರು. ನಾಟಕದ ಬೋರ್ಡು ಬರೆಯುವವನೂ ನಾನೇ. ಅಕ್ಷರ ದುಂಡಗಿದೆ ಎಂದು ಶಿಬಿರದ ದಿನ ನಿಮ್ಮ ಸಿಬ್ಬಂದಿ ಹೆಸರು ಬರೆಯುವ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಆ ಪುಸ್ತಕದ ವಿಷಯಕ್ಕೆ ಆಮೇಲೆ ಬರುತ್ತೇನೆ. ಅಲ್ಲಿ ನನ್ನದೂ ಒಂದು ಪಾಪವಿದೆ.

ಶಿಬಿರ ಮುಗಿದು ಮೂರು ವಾರಕ್ಕೆ ವರದಿಗಳು ಬಂದವು. ಸೋತ ಹೃದಯ ರಕ್ತಕ್ಕೆ ಬಿಡುವ ಒಂದು ಹಾರ್ಮೋನನ್ನು ಅಳೆದಿದ್ದೀರಿ. ನೂರರೊಳಗೆ ಇದ್ದರೆ ಚಿಂತೆಯಿಲ್ಲ ಎಂದು ಕಾಗದದ ಕೆಳಗೇ ಅಚ್ಚಾಗಿತ್ತು. ನನ್ನ ಹೆಸರಿನ ಮುಂದೆ ಇದ್ದದ್ದು ಸಾವಿರದ ಒಂಬೈನೂರ ಎಂಬತ್ತಾರು. ಪಕ್ಕದಲ್ಲಿ ಕೆಂಪು ನಕ್ಷತ್ರ ಬೇರೆ. ಒಂದು ಫೋನು ಇಲ್ಲ, ಮಾತಿಲ್ಲ. ಅಂಚೆಯಲ್ಲಿ ಮರಣಶಾಸನ! ಇಪ್ಪತ್ತೆರಡು ದಿನ ನಾನು ಸತ್ತವನಂತೆ ಬದುಕಿದೆ. ಗದ್ದೆಯ ಬದುವಿನ ಮೇಲೆ ಮೆಲ್ಲಗೆ ಕಾಲಿಟ್ಟೆ. ಜೋರಾಗಿ ಮಾತಾಡಿದರೆ ಒಳಗೆ ಏನಾದರೂ ಹರಿದೀತೆಂದು ಪಿಸುಗುಟ್ಟಿದೆ. ಹೆಂಡತಿ ರತ್ನ ಮೊದಲ ದಿನ ಮನೆ ಇಷ್ಟು ತಣ್ಣಗೆ ಯಾವತ್ತೂ ಇರಲಿಲ್ಲ ಎಂದು ನಕ್ಕಳು. ಮೂರನೆಯ ದಿನ ನಗಲಿಲ್ಲ. ಕಿರೀಟ, ಭುಜಕೀರ್ತಿಗಳನ್ನು ನಾನು ನನ್ನ ತಮ್ಮ ಪ್ರಭುಸ್ವಾಮಿಗೆ ಒಪ್ಪಿಸಿದಾಗ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಪ್ಪತ್ಮೂರನೆಯ ದಿನ ಅವಳೇ ಕೊಳ್ಳೇಗಾಲದ ವೈದ್ಯರ ಬಳಿ ಎಳೆದೊಯ್ದಳು. ಅವರು ಇಸಿಜಿ ಮಾಡಿದರು, ಎಕೋ ಮಾಡಿದರು, ಮೆಟ್ಟಿಲು ಹತ್ತಿಸಿ ಇಳಿಸಿದರು. ಕೊನೆಗೆ ನಿಮ್ಮ ಕಾಗದವನ್ನು ಬೆಳಕಿಗೆ ಹಿಡಿದು, ಈ ಅಂಕಿಯವನು ಮೆಟ್ಟಿಲು ಹತ್ತುವುದಿರಲಿ, ಮಲಗಿ ಉಸಿರಾಡುವುದೂ ಕಷ್ಟ, ಇದು ನಿಮ್ಮದಲ್ಲ, ಹೋಗಿ ಕೇಳಿ ಎಂದರು.

ಕೇಳಲು ನಿಮ್ಮಲ್ಲಿಗೇ ಬಂದೆ. ನೀವು ಮೀಟಿಂಗಿನಲ್ಲಿದ್ದಿರಿ. ಯಂತ್ರದ ಮುಂದೆ ಕೂರುವ ಒಬ್ಬ ಹೆಣ್ಣುಮಗಳು ನನ್ನ ಕಾಗದ ನೋಡಿದರು. ಅವರ ಹೆಸರು ಹೇಳುವುದಿಲ್ಲ, ನೀವೂ ಹುಡುಕಬೇಡಿ. ತಪ್ಪು ಕಂಡ ದಿನವೇ ಮೇಲಿನವರಿಗೆ ಬರೆದುಕೊಟ್ಟವರು ಆ ಕಟ್ಟಡದಲ್ಲಿ ಅವರೊಬ್ಬರೇ. ನಮ್ಮ ಯಳಂದೂರು ಕಡೆಯವರೇ ಎಂದು ಮಾತಿನಲ್ಲೇ ತಿಳಿಯಿತು. ಆ ಅಂಕಿಯ ಮೇಲೆ ಬೆರಳಿಟ್ಟು ಹೇಳಿದರು: “ಸಾ, ಇದು ನಿಮ್ ರಕ್ತದ್ದಲ್ಲ. ನಾನೇ ಕಲಸಿ ಆಕಿದ್ ಪುಡೀದು.”

ಆ ಪುಡಿಯ ಸೀಸೆಯನ್ನೂ ತೋರಿಸಿದರು. ಬೆರಳುದ್ದದ ಸೀಸೆ, ತಳದಲ್ಲಿ ಚಿಟಿಕೆ ಬಿಳಿ ಪುಡಿ. ಮನುಷ್ಯನ ವಂಶವಾಹಿಯ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಹೃದಯ ಮಾಡುವ ಹಾರ್ಮೋನನ್ನೇ ಅದರ ಕೈಲಿ ಮಾಡಿಸಿ, ಒಣಗಿಸಿ ತುಂಬಿದ್ದಂತೆ. ಹೆಸರು ‘ಮರುಸಂಯೋಜಿತ ಮಾನವ ಪೆಪ್ಟೈಡ್ ಹಾರ್ಮೋನು’. ನಮ್ಮ ನಾಟಕದಲ್ಲಿ ಚಕ್ರವರ್ತಿ ಬಂದರೂ ಇಷ್ಟುದ್ದದ ಬಿರುದು ಕೂಗುವುದಿಲ್ಲ. ಎರಡು ಸಾವಿರದ ಅಳತೆಗೆ ಅದನ್ನು ಕಲಸಿ ಯಂತ್ರಕ್ಕೆ ಕೊಡುತ್ತಾರೆ. ಯಂತ್ರ ಎರಡು ಸಾವಿರದ ಆಸುಪಾಸು ತೋರಿಸಿದರೆ ಅದು ನೆಟ್ಟಗಿದೆ ಎಂದರ್ಥ. ಹಾಡುವ ಮೊದಲು ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದ ಹಾಗೆ. ಸೀಸೆಯ ಮೇಲೆ ಇನ್ನೂ ಒಂದು ಸಾಲಿತ್ತು, ಅವರೇ ಓದಿ ಹೇಳಿದರು: ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಮನುಷ್ಯರ ಮೇಲೆ ಬಳಸತಕ್ಕದ್ದಲ್ಲ. ಮಾನ್ಯರೇ, ನನ್ನ ಮೇಲೆ ಇಪ್ಪತ್ತೆರಡು ದಿನ ಬಳಸಿದಿರಲ್ಲ! ಸೂಜಿಯಿಲ್ಲದೆ, ಬರೀ ಕಾಗದದಲ್ಲಿ. ಆ ಪುಡಿಯನ್ನು ಮಾಡಿದವರಿಗೆ ಅದರ ಈ ಶಕ್ತಿ ಗೊತ್ತಿರಲಾರದು.

ಇನ್ನು ನನ್ನ ಪಾಪ, ಆ ಹೆಣ್ಣುಮಗಳೇ ಲೆಕ್ಕ ಬಿಡಿಸಿ ತೋರಿಸಿದ್ದು. ನಮ್ಮ ಕಡೆ ಮದುವೆಯ ಮುಯ್ಯಿ ಬರೆಯಲಿ, ನಾಟಕದ ಪಾತ್ರಗಳ ಪಟ್ಟಿ ಬರೆಯಲಿ, ಮೊದಲ ಸಾಲು ದೇವರದು. ನೀವು ಕೊಟ್ಟ ಪುಸ್ತಕದಲ್ಲಿ ಸಾಲು ಸಾಲಿಗೂ ನಂಬರು ಅಚ್ಚಾಗಿತ್ತು. ನಾನು ಒಂದನೇ ನಂಬರಿನ ಮುಂದೆ ‘ಶ್ರೀ ಮಹದೇಶ್ವರ ಪ್ರಸನ್ನ’ ಎಂದು ದುಂಡಗೆ ಬರೆದೆ. ಎರಡನೆಯದು ನಾನು. ಹೀಗೆ ನಲವತ್ತೊಂದು ಜನ, ನಲವತ್ತೆರಡರವರೆಗೆ. ನಿಮ್ಮ ನರ್ಸು ಅದೇ ನಂಬರುಗಳನ್ನು ರಕ್ತದ ನಳಿಕೆಗಳಿಗೆ ಅಂಟಿಸಿದರು. ಯಂತ್ರದಲ್ಲಿ ಒಂದನೆಯ ಜಾಗ ಖಾಲಿ ಉಳಿಯಿತು. ಅಲ್ಲಿ ಪುಡಿಯ ನೀರು ಕೂತಿತು. ಇಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಿದ ನಿಮ್ಮ ಮಹಾಶಯರು, ಮಹದೇಶ್ವರ ರಕ್ತ ಕೊಟ್ಟಿರಲಿಕ್ಕಿಲ್ಲ ಎಂದು ಯೋಚಿಸಿ ಆ ಸಾಲನ್ನು ತೆಗೆದರು. ದೇವರು ಹೋದ ತಕ್ಷಣ ನಾವೆಲ್ಲರೂ ಒಂದೊಂದು ಮೆಟ್ಟಿಲು ಮೇಲಕ್ಕೆ ಜಾರಿದೆವು. ಪುಡಿಯ ಅಂಕಿ ನನಗೆ ಬಂತು. ನನ್ನ ಅಂಕಿ ನನ್ನ ಹಿಂದಿದ್ದ ಚನ್ನಾಜಮ್ಮನಿಗೆ ಹೋಯಿತು. ನಲವತ್ತೊಂದು ಜನರಲ್ಲಿ ಒಬ್ಬರ ಕೈಯಲ್ಲೂ ಅವರವರ ಹೃದಯದ ಕಾಗದವಿಲ್ಲ. ಕೊನೆಗೆ ಒಂದು ಅಂಕಿ ಹೆಸರಿಲ್ಲದೆ ಉಳಿಯಿತು: ನಲವತ್ತೆರಡನೇ ನಳಿಕೆ, ಎರಡು ಸಾವಿರದ ನೂರ ನಲವತ್ತು. ಇಷ್ಟು ದೊಡ್ಡ ಅಂಕಿ ಮನುಷ್ಯನದಾಗಿರಲಾರದು, ಇದೇ ಆ ಪುಡಿ ಎಂದುಕೊಂಡು ಯಂತ್ರದ ಗುಣಮಟ್ಟ ತೃಪ್ತಿಕರ ಎಂದು ಷರಾ ಬರೆದರು.

ಅದು ಪುಡಿಯಲ್ಲ, ಮಾನ್ಯರೇ. ಅದು ಚಿಕ್ಕಮಾದಪ್ಪ ಮೇಷ್ಟ್ರು.

ಸತ್ತೇಗಾಲದವರು, ನಮ್ಮ ತಂಡದ ಹಾರ್ಮೋನಿಯಂ ಮೇಷ್ಟ್ರು. ನನಗೆ ತಾಳ ಕಲಿಸಿದವರು. ಶಿಬಿರದ ದಿನ ಎಲ್ಲರೂ ಎದ್ದು ಹೋಗುವ ಹೊತ್ತಿಗೆ ಶಾಲೆಯ ಗೇಟಿನಲ್ಲಿ ಕಾಣಿಸಿದರು. ಬಸ್‌ಸ್ಟ್ಯಾಂಡಿನಿಂದ ಶಾಲೆಗೆ ಎಷ್ಟು ದೂರ? ಒಂದು ಬೀಡಿ ಮುಗಿಯುವಷ್ಟು. ನಾನು ಪುಸ್ತಕ ಹಿಡಿದು, ನಾಲ್ಕು ಜನ ಕೇಳಲೆಂದೇ ಕೂಗಿದೆ: “ಏನ್ ಮೇಷ್ಟ್ರೇ, ಮದ್ವ ಗಂಡು ಬಂದಂಗ ಬತ್ತಾ ಇದ್ದೀರಿ, ವಾಲಗದವ್ರು ಎಲ್ಲಿ?” ಅವರು ಕಂಬ ಹಿಡಿದು ನಿಂತು, ಉಸಿರು ಸಿಕ್ಕಿದ ಮೇಲೆ ಹೇಳಿದರು: “ನಾ ಬಂದ್ಬುಟ್ಟಿ ಕಣ್ಲಾ, ಉಸ್ರು ಇನ್ನೂ ಬಸ್‌ಸ್ಟ್ಯಾಂಡಲ್ಲೇ ಅದ.” ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಗುತ್ತಲೇ ನಲವತ್ತೆರಡನೇ ಸಾಲಿನಲ್ಲಿ ಅವರ ಹೆಸರು ಬರೆದೆ. ಅವರು ಕೊನೆಗೆ ಬಂದದ್ದು ಯಾಕೆಂದು ಆವತ್ತೇ ಅರ್ಥವಾಗಬೇಕಿತ್ತು, ಅಲ್ಲವೇ?

ಅವರ ಕೈಗೆ ನೀವು ಕೊಟ್ಟದ್ದು ಮೂವತ್ತೆಂಟು. ಅದು ಅವರಿಗಿಂತ ಮುಂಚೆ ತೋಳು ಚಾಚಿದ ಶಿವರತ್ನಮ್ಮನದು. ಆಕೆ ಈಗಲೂ ಕಬ್ಬಿನ ಸೋಗೆಯ ಹೊರೆ ಹೊತ್ತು ನಡೆಯುವ ಹೆಂಗಸು. ಆ ಮೂವತ್ತೆಂಟನ್ನು ನಂಬಿ ಮೇಷ್ಟ್ರು ಮೈಯ ನೀರು ಇಳಿಸುವ ಮಾತ್ರೆ ಬಿಟ್ಟರು. ಈಗ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಸೇರುವುದಿಲ್ಲ. ರಿಹರ್ಸಲ್ಲಿನಲ್ಲಿ ಬರಿಗಾಲಲ್ಲೇ ಪೆಡಲು ತುಳಿಯುತ್ತಾರೆ. ಮೊದಲೆಲ್ಲ ಹಾರ್ಮೋನಿಯಂ ಪೆಟ್ಟಿಗೆಯ ತಿದಿಯ ಸದ್ದು ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಈಗ ಮಾತು ಮರೆತು ಅದನ್ನೇ ಕೇಳುತ್ತಾ ನಿಲ್ಲುತ್ತೇನೆ. ತಿದಿ ಉಸಿರೆಳೆದುಕೊಳ್ಳುವುದು ಯಾವುದು, ಮೇಷ್ಟ್ರು ಎಳೆದುಕೊಳ್ಳುವುದು ಯಾವುದು ಎಂದು ಬೇರೆ ಮಾಡಲು ನೋಡುತ್ತೇನೆ. ಎರಡರಲ್ಲಿ ಒಂದು ನಿಂತರೆ ಯಾವುದು ನಿಂತಿತೆಂದು ನನಗೆ ತಕ್ಷಣ ಗೊತ್ತಾದೀತೇ?

ಮೇಷ್ಟ್ರಿಗೇ ಹೇಳಲಿಲ್ಲವೇ ಎನ್ನುತ್ತೀರಿ. ಕಾಲಿಗೆ ಬಿದ್ದು ಹೇಳಿದೆ. ಪುಡಿ, ದೇವರ ಸಾಲು, ನಳಿಕೆ, ಎಲ್ಲವನ್ನೂ ಅಭಿನಯಿಸಿಯೇ ತೋರಿಸಿದೆ. ಅದರಿಂದಲೇ ಕೆಟ್ಟಿತು. ಪೂರ್ತಿ ಕೇಳಿ, ಲ್ಯಾಮಿನೇಷನ್ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು ಅಂಗಿಯಲ್ಲಿ ಒರೆಸಿ, ಹೇಳಿದರು: “ಲೇ ಬಸವ, ನೀನು ನನ್ ಕಣ್ಮುಂದ ನೂರ್ ಸತಿ ಸತ್ತಿದ್ದೀಯ. ನೂರ್ ಸತೀನೂ ನಾನೇ ಪೆಟ್ಗ ನುಡ್ಸಿದ್ದೀನಿ. ನಿನ್ ಮಾತ್ಗ ಎದುರ್ಕಂಡ್ರ ಆದದಾ? ಇಲ್ಲಿ ಸೀಲ್ ಅದ ನೋಡು.”

ನಾಟಕವನ್ನೇ ನಿಲ್ಲಿಸುತ್ತೇನೆ ಎಂದೆ. ನೀನು ನಿಲ್ಲಿಸಿದರೆ ಬೇರೆ ತಂಡದವರಿಗೆ ನುಡಿಸುತ್ತೇನೆ, ಅವರಾಗಲೇ ಕರೆದಿದ್ದಾರೆ ಎಂದರು. ಕೊಳ್ಳೇಗಾಲದ ವೈದ್ಯರ ಬಳಿ ಹೋಗೋಣ ಎಂದರೆ, ನೆಟ್ಟಗಿರುವವನಿಗೆ ಡಾಕ್ಟರು ಯಾಕೆ ಎಂದರು. ಪತ್ರಿಕೆಗೆ ಬರೆಯುತ್ತೇನೆ, ನಿಮ್ಮ ಹೆಸರೂ ಹಾಕುತ್ತೇನೆ ಎಂದು ಹೆದರಿಸಿದೆ. ಹಾಕು, ಅಚ್ಚಾದರೆ ಅದಕ್ಕೂ ಲ್ಯಾಮಿನೇಷನ್ ಮಾಡಿಸೋಣ ಎಂದು ನಕ್ಕರು. ಆ ನಗುವಿನ ಕೊನೆಗೆ ಕೆಮ್ಮು ಬಂತು. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ನನ್ನ ಎರಡು ಪತ್ರಗಳಿಗೆ ಸೇರಿಸಿ ನೀವು ಕೊಟ್ಟ ಒಂದೇ ಉತ್ತರವನ್ನು ನಾನು ಬಾಯಿಪಾಠ ಮಾಡಿದ್ದೇನೆ. ‘ಅಧ್ಯಯನದಲ್ಲಿ ಭಾಗವಹಿಸಿದವರ ವಿವರಗಳು ಗೋಪ್ಯವಾಗಿದ್ದು, ತಾವು ಸಂಬಂಧಪಟ್ಟ ವ್ಯಕ್ತಿಯಲ್ಲದ ಕಾರಣ ಪರಿಶೀಲಿಸಲು ಅವಕಾಶವಿರುವುದಿಲ್ಲ. ವಿಷಯವನ್ನು ಸಮಿತಿಯ ಮುಂದಿನ ಸಭೆಯಲ್ಲಿ ಮಂಡಿಸಲಾಗುವುದು.’ ಎಂಥ ಸಂಭಾಷಣೆ! ಉಸಿರು ಎಲ್ಲಿ ನಿಲ್ಲಿಸಬೇಕೋ ಅಲ್ಲೇ ನಿಂತಿದೆ. ಗೋಪ್ಯ ಯಾರಿಂದ, ಮಾನ್ಯರೇ? ಊರಿಗೆ ಗೊತ್ತು, ನನಗೆ ಗೊತ್ತು, ನಿಮ್ಮ ಯಂತ್ರಕ್ಕೆ ಗೊತ್ತು. ಮೇಷ್ಟ್ರ ಹೃದಯದ ಸುದ್ದಿಯನ್ನು ಮೇಷ್ಟ್ರಿಂದಲೇ ಕಾಪಾಡುತ್ತಿದ್ದೀರಾ? ನಿಮ್ಮ ಸಭೆ ಇರುವುದು ಮುಂದಿನ ತಿಂಗಳು ಹದಿನಾಲ್ಕಕ್ಕೆ. ಹನೂರಿನ ನಾಟಕ ಈ ತಿಂಗಳು ಇಪ್ಪತ್ತೆರಡಕ್ಕೆ.

ನಾನು ಕೇಳುವುದು ಇಷ್ಟು. ನಲವತ್ತೊಂದು ಜನರನ್ನೂ ಮತ್ತೆ ಕರೆಸಿ ರಕ್ತ ತೆಗೆಯಿರಿ. ಅದಕ್ಕೆ ಸಮಿತಿ ಬೇಕಾದರೆ ಸೇರಿಸಿಕೊಳ್ಳಿ, ಕಾಯುತ್ತೇವೆ. ಆದರೆ ಒಂದು ಕಾಗದ ಮಾತ್ರ ಇಪ್ಪತ್ತೆರಡರೊಳಗೆ ಸತ್ತೇಗಾಲಕ್ಕೆ ಬರಬೇಕು. ‘ಹಿಂದಿನ ವರದಿ ತಪ್ಪು. ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.’ ಎರಡೇ ವಾಕ್ಯ. ಕ್ಷಮೆ ಕೇಳಬೇಡಿ, ತಪ್ಪು ನಿಮ್ಮದೆಂದು ಬರೆಯಲೂ ಬೇಡಿ, ದೇವರನ್ನು ಒಂದನೇ ಸಾಲಿನಲ್ಲಿ ಕೂರಿಸಿದ ಅಗರದ ನಾಟಕದವನದೇ ಎಂದು ಬರೆದುಕೊಳ್ಳಿ, ನಾನು ರುಜು ಹಾಕುತ್ತೇನೆ. ಕೆಳಗೆ ಸೀಲು ಮಾತ್ರ ಮರೆಯಬೇಡಿ. ಮಾಂಬಳ್ಳಿಯವರೆಗೆ ಕೇಳುವ ನನ್ನ ಕಂಠ ಎದುರಿಗೆ ಕೂತ ಒಬ್ಬ ಮುದುಕರಿಗೆ ಕೇಳಿಸಲಿಲ್ಲ. ನಿಮ್ಮ ನೇರಳೆ ಬಣ್ಣದ, ರೂಪಾಯಿ ಅಗಲದ ಮೂಕ ಸೀಲನ್ನು ಅವರು ನಂಬುತ್ತಾರೆ.

ಅದು ಬಾರದಿದ್ದರೆ ಇಪ್ಪತ್ತೆರಡರಂದು ನಾನು ಕಿರೀಟ ಕಟ್ಟಿಕೊಂಡು ರಂಗಕ್ಕೆ ಬರುತ್ತೇನೆ. ಜನರ ಕಡೆಗೆ ಬೆನ್ನು ಹಾಕಿ, ಮೇಷ್ಟ್ರ ಪೆಟ್ಟಿಗೆಯ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಬೇರೆ ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಇಂತಿ,
ನಿಮ್ಮ ಕಾಗದದಲ್ಲಿ ಸಾಯಬೇಕಾಗಿದ್ದು, ಇನ್ನೊಬ್ಬರ ಸರದಿಯಲ್ಲಿ ಬದುಕಿ ಉಳಿದಿರುವ,
ಬಸವಕುಮಾರ್, ರಾಜಪಾರ್ಟು,
ಅಗರ, ಯಳಂದೂರು ತಾಲ್ಲೂಕು