ಚಿಂದಿ ಚೀಲದ ಉಪವಾಸ

ಜುಲೈ ೧೨, ಮಂಗಳವಾರ

ಕಾರ್ಖಾನೆಯ ಚಿಂದಿ ಚೀಲಕ್ಕೆ ಈ ವಾರವೂ ಅರೆಹೊಟ್ಟೆ. ಬಟ್ಟೆ ಅಷ್ಟೇ, ಅಂಗಿಗಳು ಮಾತ್ರ ಹೆಚ್ಚು. ಚೂರುಗಳೇನು ಸನ್ಯಾಸ ತೆಗೆದುಕೊಂಡವೇ? ಬಟ್ಟೆ ಉಳಿಸಿದರೆಂದು ಮಾಲೀಕರು ಕಟಿಂಗ್ ಮಾಸ್ತರರಿಗೆ, ಅಂದರೆ ನನ್ನ ಖಾಸಾ ಭಾವನಿಗೆ, ಬಡ್ತಿ ಕೊಡಲಿದ್ದಾರೆ.

"ಎಲ್ಲಾ ಕೈಚಳಕ ಕಣಯ್ಯಾ. ಹೊಟ್ಟೆಕಿಚ್ಚಾ ನಿಂಗೆ?"

"ಇಲ್ಲ ಭಾವ, ಬರೀ ಅನುಮಾನ."

ಮಧ್ಯಾಹ್ನ ಒಂದು ಅಂಗಿಯ ಒಳಮೈ ತಿರುಗಿಸಿ ನೋಡಿದೆ. ಹೊಲಿಗೆಯಾಚೆ ಬೆರಳಗಲ ಬಿಡಬೇಕಾದ ಬಟ್ಟೆ ನೂಲಿನಗಲಕ್ಕೆ ಇಳಿದಿದೆ! ತುಸು ಎಳೆದರೆ ಬಾಯಿಬಿಡುತ್ತದೆ. ಪರೀಕ್ಷಕನಾದ ನಾನು ನಾಳೆ ಈ ಸರಕಿಗೆ ಒಪ್ಪಿಗೆ ಕೊಡಬೇಕು. ತಡೆದರೆ ಅಕ್ಕ ನನ್ನ ಹೊಲಿಗೆಯನ್ನೇ ಬಿಚ್ಚುತ್ತಾಳೆ.

ಬಿಚ್ಚಲಿ, ತಡೆಯುತ್ತೇನೆ. ಇಲ್ಲದಿದ್ದರೆ ಎಲ್ಲೋ ಒಬ್ಬ ಬಡಪಾಯಿ, ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿಯಲು ಕೈಯೆತ್ತಿದ ಕೂಡಲೇ, ಕಂಕುಳಲ್ಲಿ ಪರ್ ಎಂದು...