ಹಿರಿಯಳಾಗಿ

ಅಪ್ಪಾ,

ಇಂದಿನ ಸುದ್ದಿ ಕೇಳಿ "ಕಾಲ ಬದಲಾದರೂ ನಂಬಿಕೆ ಬದಲಾಗದು" ಎನ್ನುತ್ತಿದ್ದಿರೋ, "ಬದಲಾಗದ ನಂಬಿಕೆ ಒಣಗುತ್ತದೆ" ಎನ್ನುತ್ತಿದ್ದಿರೋ? ಈಗ ಕೇಳಲು ನೀವಿಲ್ಲ.

ಇಂದು ನರಸಿಂಹರಾಜಪುರದ ನಮ್ಮ ಪ್ರೆಸ್ಬಿಟೇರಿಯನ್ ಚರ್ಚಿನ ಸಭೆ ನಿಮ್ಮ ಜಾಗಕ್ಕೆ ನನ್ನನ್ನು ಆಡಳಿತ ನೋಡುವ ಸಭಾಹಿರಿಯಳಾಗಿ ಆರಿಸಿತು. ಹೆಂಗಸೊಬ್ಬಳು ಸಭಾಹಿರಿಯಳಾಗುತ್ತಿರುವುದು ಇದೇ ಮೊದಲು. ಆದರೂ ಒಬ್ಬರೂ ಆಕ್ಷೇಪಿಸಲಿಲ್ಲ. ಅದೇ ನನಗೆ ಅನುಮಾನ. ಪ್ರಮಾಣವಚನದ "ಹಿರಿಯನಾಗಿ" ಎಂಬುದನ್ನು ಪಾದ್ರಿಗಳು ತಡವರಿಸದೆ "ಹಿರಿಯಳಾಗಿ" ಎಂದು ಓದಿದರು, ಮೊದಲೇ ರೂಢಿ ಮಾಡಿಕೊಂಡವರಂತೆ. ಸೋರುವ ಮಾಡು, ಖಾಲಿಯಾಗುತ್ತಿರುವ ಬೆಂಚುಗಳು. ಹೊಣೆ ಹೊರಲು ಯಾರಾದರೂ ಬೇಕಿತ್ತೇನೋ. ನೀವಿದ್ದಿದ್ದರೆ ನನಗಾಗಿ ಕೈ ಎತ್ತುತ್ತಿದ್ದಿರಾ?

ಸಂಜೆ ಪಕ್ಕದ ಮನೆಯ ಯಮುನಮ್ಮ ಬಾಗಿಲಲ್ಲೇ ನಿಂತು ನಕ್ಕರು. "ಅಂತೂ ಆಯ್ತಲ್ಲ ಮಾರಾಯ್ತಿ. ತನ್ನ ಜಾಗಕ್ಕೆ ನೀನೇ ಬರ್ಬೇಕು ಅಂತ ನಿಮ್ಮಪ್ಪ ಪಾದ್ರಿ ಹತ್ರ ಆವಾಗ್ಲೇ ಹೇಳಿಟ್ಟಿದ್ರು. ಮಗಳಿಗ್ಯಾಕೆ ಹೇಳ್ಲಿಲ್ಲ ಅಂತ ನಾನೇ ಕೇಳಿದ್ದೆ. ‘ಅವಳು ಒಂದ್ಸಲನಾದ್ರೂ ಬಾಯಿ ಬಿಟ್ಟು ಕೇಳ್ಲಿ ಅಂತ ಕಾಯ್ತಿದೀನಿ’ ಅಂದ್ರು."